ಅರ್ಧಕ್ಕೆ ನಿಂತ ಷರಾ

ಕಾಸಾಮಾ ಮಾರುಕಟ್ಟೆಯ ಹಿಂಬದಿಯಲ್ಲಿ ಚೋಲಾನ ಕಂಪ್ಯೂಟರ್ ರಿಪೇರಿ ಅಂಗಡಿ. ಒಂದು ಮೇಜು, ಎರಡು ಸ್ಟೂಲು, ತಗಡಿನ ಮಾಡಿನ ಮೇಲೊಂದು ಸೋಲಾರ್ ಹಲಗೆ. ಗುರುವಾರ ಬೆಳಿಗ್ಗೆ ಬಾನಾ ಮುಸೊಂಡಾ ಅಲ್ಲಿಗೆ ಬಂದಳು, ಲ್ಯಾಪ್‌ಟಾಪನ್ನು ತನ್ನ ಚಿತೆಂಗೆ ಬಟ್ಟೆಯಲ್ಲಿ ಕೂಸಿನ ಹಾಗೆ ಸುತ್ತಿಕೊಂಡು. ಮುಸೊಂಡಾಳ ತಾಯಿ ಎಂದಷ್ಟೇ ಆ ಹೆಸರಿನ ಅರ್ಥ. ಅವಳ ಸ್ವಂತ ಹೆಸರನ್ನು ಊರು ಎಂದೋ ಮರೆತಿತ್ತು. ಚೋಲಾನಿಗೆ ಮಾತ್ರ ಅವಳು ಕಪೆಂಬ್ವಾ ಮೇಷ್ಟ್ರ ಹೆಂಡತಿ. ಮೇಷ್ಟ್ರು ತೀರಿಹೋಗಿ ಹದಿನಾಲ್ಕು ತಿಂಗಳಾಗಿತ್ತು.

“ಸೋಮವಾರ ಮಗಳು ಎನ್‌ಡೋಲಾಕ್ಕೆ ಹೊರಡ್ತಾಳೆ, ಸರ್ವೆ ಕಲಿಯೋಕೆ. ಅಲ್ಲಿ ಲಿನಕ್ಸೇ ಬೇಕಂತೆ,” ಎಂದಳು. “ಹಾಕಿಕೊಡು. ಆದ್ರೆ ಇವರದ್ದು ಏನೂ ಅಲ್ಲಾಡಬಾರದು.”

“ಅಲ್ಲಾಡಲ್ಲ. ಒಂದೇ ಮನೆಗೆ ನಡುವೆ ಗೋಡೆ ಹಾಕಿದ ಹಾಗೆ. ಆ ಕಡೆ ಮೇಷ್ಟ್ರು, ಈ ಕಡೆ ಮಗಳು. ಮೇಷ್ಟ್ರಿಗೆ ಸ್ವಲ್ಪ ಸರ್ಕೊಳ್ಳಿ ಅನ್ನೋದು, ಅಷ್ಟೇ.”

“ನಿನ್ನ ಮಾತಿಗೆ ಅವರು ಸರೀತಾರಾ? ಅವರ ಕ್ಲಾಸಲ್ಲಿ ಬೆಂಚಿನ ಮೇಲೆ ನಿಂತೇ ದೊಡ್ಡವನಾದೆ ನೀನು.”

ಚೋಲಾ ನಕ್ಕು, ತನ್ನ ಲಿನಕ್ಸ್ ಪೆನ್‌ಡ್ರೈವಿನಿಂದಲೇ ಯಂತ್ರವನ್ನು ಎಬ್ಬಿಸಿದ. ಮೊದಲ ಕೆಲಸ ನಕಲು. ಮೇಷ್ಟ್ರ ಕಡತಗಳನ್ನೆಲ್ಲ ಬೇರೊಂದು ಡಿಸ್ಕಿಗೆ ಇಳಿಸಿಕೊಂಡ. ಆಮೇಲೆ ವಿಂಡೋಸ್ ಪಾಲನ್ನು ಕಿರಿದು ಮಾಡಲು ಹೊರಟರೆ ಯಂತ್ರ ಜಪ್ಪಯ್ಯ ಅಂದರೂ ಒಪ್ಪಲಿಲ್ಲ. ಆ ಪಾಲು ಮಲಗಿದೆ, ಮುಚ್ಚಿಲ್ಲ, ಮುಟ್ಟಲಾರೆ ಎಂದು ಎಚ್ಚರಿಕೆ ತೋರಿಸಿತು.

ಇದು ಅವನಿಗೆ ಹೊಸದಲ್ಲ. ದಿನಕ್ಕೆ ಎಂಟು ಗಂಟೆ ಕರೆಂಟ್ ಹೋಗುವ ಊರಲ್ಲಿ ಯಾರೂ ಕಂಪ್ಯೂಟರನ್ನು ಸರಿಯಾಗಿ ಆರಿಸುವುದಿಲ್ಲ, ಗಾಢ ನಿದ್ದೆಗೆ ತಳ್ಳುತ್ತಾರೆ. ಕರೆಂಟ್ ಬಂದಾಗ ತೆರೆದಿಟ್ಟದ್ದೆಲ್ಲ ಇದ್ದಂತೆಯೇ ಎದ್ದು ಕೂರುತ್ತದೆ. ಆ ನಿದ್ದೆಯನ್ನು ಒಂದೇ ಆಜ್ಞೆಯಿಂದ ಅಳಿಸಿಹಾಕಬಹುದು. ಚೋಲಾ ಎಷ್ಟೋ ಸಲ ಅಳಿಸಿದ್ದ; ಹೋದರೆ ಯಾರದೋ ಅರ್ಧ ನೋಡಿದ ಸಿನಿಮಾ ಹೋಗುತ್ತಿತ್ತು. ಈಗಲೂ ಆಜ್ಞೆ ಟೈಪು ಮಾಡಿದ. ಎಂಟರ್ ಒತ್ತುವುದೊಂದೇ ಬಾಕಿ.

ಒಂಬತ್ತನೇ ತರಗತಿಯ ಅಂಕಪಟ್ಟಿಯಲ್ಲಿ ಕಪೆಂಬ್ವಾ ಮೇಷ್ಟ್ರು ಅವನಿಗೆ ಬರೆದ ಷರಾ ನೆನಪಾಯಿತು: ‘ಜಾಣ. ಕೇಳುವ ಮೊದಲೇ ಕೈ ಹಾಕುತ್ತಾನೆ.’ ಅದನ್ನೋದಿ ಅಪ್ಪ ಬಾಸುಂಡೆ ಬರುವಂತೆ ಬಾರಿಸಿದ್ದ. ಚೋಲಾ ಬೆರಳು ಹಿಂದಕ್ಕೆ ತೆಗೆದ.

“ಬಾನಾ ಮುಸೊಂಡಾ, ಇದನ್ನ ಪೂರ್ತಿ ಆಫ್ ಮಾಡಿದ್ದು ಯಾವಾಗ?”

ಅವಳು ಬಟ್ಟೆಯ ಅಂಚನ್ನು ಮಡಿಸಿದಳು, ಬಿಡಿಸಿದಳು.

“ಇವರು ಹೋದ ಮೇಲೆ ಮಾಡೇ ಇಲ್ಲ.”

ಅವಳೇ ವಿಂಡೋಸನ್ನು ಎಬ್ಬಿಸಿದಳು. ತೆರೆಯ ಮೇಲೆ ಒಂದು ಪುಟ. ಹನ್ನೆರಡನೇ ತರಗತಿಯ ಮೂವತ್ತನಾಲ್ಕು ಹೆಸರು, ಪ್ರತಿ ಹೆಸರಿನ ಮುಂದೆ ಒಂದು ಷರಾ. ಕೊನೆಯದು ಅವರ ಮಗಳದೇ: ‘ಮುಸೊಂಡಾ: ಈ ಹುಡುಗಿಗೆ’. ಅಷ್ಟಕ್ಕೇ ನಿಂತು ಕರ್ಸರಿನ ಗೆರೆ ಮಿಣುಕುತ್ತಿತ್ತು. ಬೀಗದ ಕೈ ಶಾಲೆಯಲ್ಲಿ ಮರೆತೆ ಎಂದು ಎದ್ದು ಹೋದವರು ದಾರಿಯಲ್ಲೇ ಕುಸಿದಿದ್ದರು. ಅವರ ಜಾಗಕ್ಕೆ ಬಂದ ಹೊಸಬ ಮುಸೊಂಡಾಳ ಅಂಕಪಟ್ಟಿಯಲ್ಲಿ ‘ಉತ್ತಮ’ ಎಂದು ಗೀಚಿ ಕೈತೊಳೆದುಕೊಂಡಿದ್ದ.

ಪುಟಕ್ಕೆ ಹೆಸರೂ ಇರಲಿಲ್ಲ. ಮೇಷ್ಟ್ರು ಅದನ್ನು ಉಳಿಸಿಯೇ ಇರಲಿಲ್ಲ. ಹಾಗಾಗಿ ಚೋಲಾ ಇಳಿಸಿಕೊಂಡ ನಕಲಿನಲ್ಲೂ ಅದು ಇರಲು ಸಾಧ್ಯವಿರಲಿಲ್ಲ. ಆ ಆಜ್ಞೆ ಒತ್ತಿದ್ದರೆ ಪುಟ ಶಾಶ್ವತವಾಗಿ ಹೋಗುತ್ತಿತ್ತು.

“ದಿನಾ ಸಾಯಂಕಾಲ ತೆಗೆದು ನೋಡ್ತೀನಿ,” ಎಂದಳು. “ಮುಂದಿನ ಮಾತು ಬಂದಿರುತ್ತೇನೋ ಅಂತ. ಹುಚ್ಚು ಅಂತ ಗೊತ್ತು.”

“ಹುಚ್ಚಲ್ಲ.” ಅವನು ಸ್ಟೂಲನ್ನು ಹತ್ತಿರಕ್ಕೆ ಎಳೆದುಕೊಂಡ. “ಇದಕ್ಕೊಂದು ಹೆಸರು ಕೊಟ್ಟು ಉಳಿಸೋಣ. ಒಂದಕ್ಷರ ಹೋಗಲ್ಲ. ಆದ್ರೆ ಯಂತ್ರ ಪೂರ್ತಿ ಆರಿಸ್ಲೇಬೇಕು. ಅವರು ಬಿಟ್ಟು ಎದ್ದ ಹಾಗೇ ಇದೆಯಲ್ಲ, ಅದು ಇವತ್ತಿಗೆ ಮುಗೀತು. ಅದನ್ನ ಉಳ್ಸೋದು ನನ್ನ ಕೈಲಾಗಲ್ಲ. ಬೇಡ ಅಂದ್ರೆ ಹೀಗೇ ತಗೊಂಡ್ಹೋಗಿ. ಮಗಳಿಗೆ ಬೇರೆ ನೋಡೋಣ.”

“ಸೋಮವಾರದೊಳಗೆ ಸಿಗುತ್ತಾ?”

“ಸಿಗಲ್ಲ.”

ಅವಳು ತನ್ನ ಮಣಿಕಟ್ಟನ್ನು ನೋಡಿಕೊಂಡಳು. ಅಲ್ಲೊಂದು ಬಿಳಿ ಮಣಿಯ ದಾರವಿತ್ತು. ಮೇಷ್ಟ್ರ ಸೈಕಲ್ಲು, ಕೋಟು, ರೇಡಿಯೋ ಹಂಚಿಕೊಂಡ ದಿನ ಅವರ ಕಡೆಯವರು ಅದನ್ನು ಕಟ್ಟಿ, ಸತ್ತವನಿಂದ ಇನ್ನು ನಿನಗೆ ಬಿಡುಗಡೆ ಎಂದಿದ್ದರು. ಬಿಡುಗಡೆ ಆ ಕಡೆಯವರ ಪಾಲಿಗೆ ಆಗಿತ್ತು, ಇವಳ ಪಾಲಿಗೆ ಆಗಿರಲಿಲ್ಲ. ಒಂದೊಂದೇ ಅಕ್ಷರ ಹುಡುಕಿ ಪುಟಕ್ಕೆ ಹೆಸರಿಟ್ಟಳು: ಮುಸೊಂಡಾಳಿಗೆ.

ಚೋಲಾ ಅದನ್ನು ಎರಡು ಕಡೆ ನಕಲು ಮಾಡಿ, ಎರಡನ್ನೂ ತನ್ನ ಕಂಪ್ಯೂಟರಿನಲ್ಲಿ ತೆರೆದು ಅವಳಿಗೆ ತೋರಿಸಿದ.

“ಆರಿಸೋದು ನೀವೇ,” ಎಂದ.

ಅವಳು ಒತ್ತಿದಳು. ಹಳೆಯ ಯಂತ್ರ, ತುಂಬ ಹೊತ್ತು ತೆಗೆದುಕೊಂಡಿತು. ತೆರೆ ಕಪ್ಪಾಯಿತು, ಫ್ಯಾನಿನ ಸದ್ದು ನಿಂತಿತು. ಬಾನಾ ಮುಸೊಂಡಾ ಸ್ಟೂಲಿನಿಂದ ಇಳಿದು, ಸಾವಿನ ಮನೆಯಲ್ಲಿ ಹೆಂಗಸರು ಕೂರುವಂತೆ ನೆಲದ ಮೇಲೆ ಕಾಲು ಚಾಚಿ ಕೂತಳು. ಅಳಲಿಲ್ಲ. ಚೋಲಾ ಮೇಜು ಬಳಸಿ ಬಂದು ತಾನೂ ನೆಲದ ಮೇಲೆ ಕೂತ. ಫೋನ್ ರಿಪೇರಿಗೆಂದು ಬಂದ ಗಿರಾಕಿಯೊಬ್ಬ ಇವರನ್ನು ನೋಡಿ ಟೋಪಿ ತೆಗೆದು, ಬಂದ ಹಾಗೇ ಹೊರಟುಹೋದ.

ಆಮೇಲೆ ಯಂತ್ರ ತಕರಾರು ಮಾಡಲಿಲ್ಲ. ಪಾಲು ಸರಿಯುವಾಗ ಕರೆಂಟ್ ಹೋದರೆ ಎಲ್ಲ ಕೆಟ್ಟ ಹಾಗೆಯೇ, ಅದಕ್ಕೆ ಚೋಲಾ ಸೋಲಾರಿನ ಬ್ಯಾಟರಿಗೆ ಜೋಡಿಸಿ, ಅಂಗಡಿಯ ಫ್ಯಾನು, ದೀಪ ಎಲ್ಲ ಆರಿಸಿ ಕಾವಲು ಕೂತ. ಎರಡೂವರೆಗೆ ಲಿನಕ್ಸ್ ಸಿದ್ಧವಾಯಿತು. ಅವನು ಮೊದಲು ತೆರೆದದ್ದು ಮೇಷ್ಟ್ರ ಕಡೆಯನ್ನು. ಪುಟ ಬಂತು, ಆದರೆ ಮೊದಲ ಹೆಸರಿನಲ್ಲಿ ನಿಂತಿತ್ತು. ಅವಳೇ ಮೂವತ್ತಮೂರು ಹೆಸರು ದಾಟಿ ಕೆಳಗಿಳಿದು ಮಗಳ ಸಾಲಿಗೆ ಬಂದಳು. ಅದು ಹಾಗೇ ಇತ್ತು.

“ಚೋಲಾ, ನಿನಗೆ ಅವರೇನೋ ಬರೆದಿದ್ರಲ್ಲ, ಕೈ ಹಾಕ್ತಾನೆ ಅಂತ. ನಿಮ್ಮಪ್ಪ ನಮ್ಮನೆಗೇ ಬಂದು ಜಗಳ ಆಡಿದ್ರು.”

“ಹೌದು.”

“ಇದ್ದಿದ್ರೆ ಇವತ್ತು ಅದನ್ನ ತಿದ್ತಿದ್ರು.”

ಬೆಳಿಗ್ಗೆ ಅಳಿಸುವ ಆಜ್ಞೆ ಒತ್ತಲು ಹೋಗಿದ್ದ ಬೆರಳನ್ನು ಚೋಲಾ ಒಮ್ಮೆ ನೋಡಿಕೊಂಡ. ಲ್ಯಾಪ್‌ಟಾಪನ್ನು ಬಟ್ಟೆಯಲ್ಲಿ ಸುತ್ತಿ ಅವಳ ಕೈಗಿಟ್ಟ.

“ತಿದ್ದೋದು ಬೇಡಮ್ಮ,” ಎಂದ. “ಅವರು ಬರೆದದ್ದೇ ಇರಲಿ.”