ಸ್ಕ್ಯಾನಿನ ಬಿಳಿ ಕಲೆ

ಚಹಾ ಆರಿ ತಣ್ಣಗಾಗಿದ್ದರೂ ಪೇಂಟರ್‌ಗೆ ಅದರ ನೆನಪಿರಲಿಲ್ಲ. ಫಿಟ್ಸ್ ಬಂದು ಆಸ್ಪತ್ರೆ ಸೇರಿ ಮನೆಗೆ ಮರಳಿದ್ದ ಹೆಂಡತಿಯ ಸ್ಕ್ಯಾನ್ ಫಿಲ್ಮನ್ನು ಅಡುಗೆಮನೆಯ ಕಿಟಕಿಗೆ ಹಿಡಿದು, ಒಂದು ಕಣ್ಣು ಮುಚ್ಚಿ ನೋಡುತ್ತಿದ್ದ. ಕಿಟಕಿಯ ಪರದೆಯನ್ನು ಅರ್ಧ ಮಾತ್ರ ಸರಿಸಿದ್ದ. ಎದುರುಮನೆಯ ಟ್ಯಾಕ್ಸಿ ಡ್ರೈವರ್ ಕಣ್ಣಿಗೆ ಬಿದ್ದರೆ ಮುಗಿಯಿತು, ಬೀದಿಗೆಲ್ಲ ಸುದ್ದಿ! ಅದಕ್ಕೇ ಎಲ್ಲರೂ ಅವನನ್ನು ‘ರೇಡಿಯೋ’ ಎನ್ನುತ್ತಿದ್ದರು.

ಮೆದುಳಿನ ಬೂದು ಚಿತ್ರದಲ್ಲಿ ಒಂದು ಬದಿಗೆ ಬೆಳ್ಳನೆಯ ಕಲೆ. ಪೇಂಟರ್ ಮೀಸೆ ಚಿಗುರಿದಾಗಿನಿಂದ ಗೋಡೆಗಳ ಜೊತೆ ಬಾಳಿದವನು. ಗೋಡೆಯಲ್ಲಿ ಕಲೆ ಎದ್ದಿದೆ ಎಂದರೆ ಒಳಗೆ ಪೈಪು ಬಹಳ ಕಾಲದಿಂದ ಸೋರುತ್ತಿದೆ ಎಂದೇ ಅರ್ಥ. ಮನೆ ಮಾರುವವರು ಅದರ ಮೇಲೆ ಒಂದು ಕೋಟ್ ಬಳಿಸಿ ದಾಟಿಸಿಬಿಡುತ್ತಾರೆ. ಅಂಥ ಗೋಡೆಗಳಿಗೆ ಅವನೇ ಎಷ್ಟು ಬಳಿದಿಲ್ಲ! ಹೆಣ್ಣಿನ ಮನೆಯವರು ತನಗೂ ಹೀಗೇ ದಾಟಿಸಿದರೇ ಎಂಬ ಹುಳ ಅವನ ತಲೆ ಕೊರೆಯುತ್ತಿತ್ತು.

“ನಿಂತ ನಿಲುವಲ್ಲಿ ಬರೋ ಕಾಯಿಲೆನಾ ಅದು?” ಎಂದಳು ಅವನ ತಾಯಿ. “ಮದುವೆಗೆ ಅಷ್ಟು ಅವಸರ ಯಾಕೆ ಮಾಡಿದ್ರು ಅಂತ ಈಗ ಗೊತ್ತಾಯ್ತು. ಔಷಧಿ ಅಂಗಡೀಲಿ ಕೆಲಸ ಬೇರೆ. ಗುಟ್ಟಾಗಿ ಮಾತ್ರೆ ನುಂಗ್ತಾ ಬಂದಿರ್ತಾಳೆ ಬಿಡು.”

ಆ ಮಾತು ನಾಟಿತು. ಅವನು ಹೆಂಡತಿಯ ಕೈಚೀಲ ತಡಕಿದ, ದಿಂಬಿನ ಕವರ್ ಬಿಚ್ಚಿದ, ಸೂಜಿದಾರದ ಡಬ್ಬಿಯನ್ನೂ ಬಿಡಲಿಲ್ಲ. ಕೊನೆಗೊಂದು ಮಾತ್ರೆಯ ಹಾಳೆ ಸಿಕ್ಕಿತು. ಕಳ್ಳ ಸಿಕ್ಕಿಬಿದ್ದನೆಂಬ ಹುರುಪಿನಲ್ಲಿ ದೂರದ ಅಂಗಡಿಗೆ ಒಯ್ದು ತೋರಿಸಿದರೆ, ಅಂಗಡಿಯವನು, “ನೆಗಡಿ ಮಾತ್ರೆ ಕಣ್ರೀ” ಎಂದು ನಕ್ಕ.

ವಾಪಸ್ಸು ಬಂದು ಅದನ್ನು ಕೈಚೀಲಕ್ಕೆ ತುರುಕುವಾಗ ಹೆಂಡತಿ ಬಾಗಿಲಲ್ಲಿ ನಿಂತಿದ್ದಳು.

“ಏನು ಬೇಕು ಹೇಳಿ, ನಾನೇ ತೆಗೆದುಕೊಡ್ತೀನಿ.”

“ನಿಜ ಹೇಳು. ನಿಂಗೆ ಮೊದಲು ಫಿಟ್ಸ್ ಬರ್ತಿತ್ತಾ?”

“ಇಲ್ಲ. ಬಂದಿದ್ರೆ ಹೇಳ್ತಿದ್ದೆ. ಹೇಳಿದ್ರೆ ನೀವು ಮದುವೆ ಆಗ್ತಿದ್ರಾ? ಅದನ್ನ ಹೇಳಿ.”

ಡಾಕ್ಟರಮ್ಮ ಮಾಡಿಸಲು ಹೇಳಿದ್ದ ಎರಡನೇ ಸ್ಕ್ಯಾನಿನಲ್ಲೂ ಕಲೆ ಹಾಗೇ ಇದ್ದರೆ ಅವಳನ್ನು ತವರಿಗೆ ಬಿಟ್ಟು ಬರುವುದು ಎಂದು ತಾಯಿ ಮಗ ಆಗಲೇ ನಿಶ್ಚಯಿಸಿದ್ದರು. ಅದು ಅವಳ ಕಿವಿಗೂ ಬಿದ್ದಿತ್ತು. ಯಾರ ಕೈಲೂ ಹೇಳಿಸಿಕೊಳ್ಳದೆ ಅವಳೇ ಬಟ್ಟೆಯ ಚೀಲ ಕಟ್ಟಿ ಬಾಗಿಲ ಪಕ್ಕ ಇಟ್ಟಳು.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಹಳೆಯ ಮತ್ತು ಹೊಸ ಫಿಲ್ಮುಗಳನ್ನು ಬೆಳಕಿನ ಹಲಗೆಗೆ ಸಿಕ್ಕಿಸಿದರು. ಹೊಸದರಲ್ಲಿ ಕಲೆ ಹೆಚ್ಚುಕಡಿಮೆ ಕರಗಿಹೋಗಿತ್ತು. ಪೇಂಟರ್‌ಗೆ ಅದೂ ನಂಬಿಕೆಯಾಗಲಿಲ್ಲ. ಬೇರೆ ಯಾರದ್ದೋ ತಲೆ ತಂದು ಹಾಕಿದ್ದಾರೋ ಏನೋ! ಬಗ್ಗಿ ನೋಡಿದ. ಮೂಗಿನ ನಡುವಿನ ಗೆರೆ ಎಡಕ್ಕೆ ವಾಲಿತ್ತು. ಮದುವೆಯ ಹೊಸದರಲ್ಲಿ ಅವನೇ ಹಗಲೆಲ್ಲ ರೇಗಿಸುತ್ತಿದ್ದ ಅದೇ ಡೊಂಕು ಮೂಗು.

“ಹಳೇ ಗಾಯ ಆಗಿದ್ರೆ ಹೀಗೆ ಕರಗ್ತಿರಲಿಲ್ಲ,” ಎಂದರು ಡಾಕ್ಟರಮ್ಮ. “ಫಿಟ್ಸ್ ಬಹಳ ಹೊತ್ತು ನಿಲ್ಲದೇ ಇದ್ರೆ ಮೆದುಳು ದಣಿದು ಊದ್ಕೊಳ್ಳುತ್ತೆ. ಆ ಊತಾನೇ ಬೆಳ್ಳಗೆ ಕಂಡಿದ್ದು. ಎಲ್ಲರಿಗೂ ಇಳಿಯಲ್ಲ, ಇವರ ಪುಣ್ಯ.”

“ಹಾಗಾದ್ರೆ ಕಾಯಿಲೆ ಮೊದಲೇ ಇರ್ಲಿಲ್ವಾ?”

“ಇತ್ತು ಅನ್ನೋಕೆ ಇದ್ರಲ್ಲಿ ಏನೂ ಇಲ್ಲ. ನಂಗೆ ಅನುಮಾನ ಇರೋದು ಬೇರೆ. ಫಿಟ್ಸ್ ಶುರುವಾದ ತಕ್ಷಣ ಕರ್ಕೊಂಡು ಬಂದ್ವಿ ಅಂತ ಅವತ್ತು ಹೇಳಿದ್ರಿ. ನಿಜವಾಗ್ಲೂ ತಕ್ಷಣ ಬಂದ್ರಾ?”

ಹೆಂಡತಿ ಅವನ ಕಡೆ ತಿರುಗಿದಳು. ಆ ಸಂಜೆಯ ಒಂದು ಚೂರೂ ಅವಳ ನೆನಪಿನಲ್ಲಿರಲಿಲ್ಲ. ಅವನಿಗೋ ಎಲ್ಲ ನೆನಪಿತ್ತು. ಅಡುಗೆಮನೆಯ ನೆಲದ ಮೇಲೆ ಅವಳ ಮೈ ಸೆಟೆದು ಅದುರುತ್ತಿತ್ತು. ತಾಯಿ ಹಲ್ಲಿನ ನಡುವೆ ಚಮಚ ತುರುಕುತ್ತಾ, “ಬಾಗಿಲು ಹಾಕೋ, ರೇಡಿಯೋ ನೋಡಿದ್ರೆ ಮಾನ ಹೋಗುತ್ತೆ” ಎಂದಿದ್ದಳು. ಅವನು ಚಿಲಕ ಹಾಕಿದ್ದ. ರೇಡಿಯೋ ಬಂದು ಬಾಗಿಲು ಬಡಿದು, “ಏನಪ್ಪಾ ಸದ್ದು? ಗಾಡಿ ತೆಗೀಲಾ?” ಎಂದು ಕೇಳಿದ್ದ. “ಏನಿಲ್ಲ, ಪಾತ್ರೆ ಬಿತ್ತು” ಎಂದು ಇವನು ಒಳಗಿನಿಂದಲೇ ಕೂಗಿದ್ದ. ತಾನೇ ನಿಲ್ಲುತ್ತದೆಂದು ಕಾದರು. ಅದು ಮತ್ತೆ ಮತ್ತೆ ಬಂತು. ರೇಡಿಯೋ ಬಾಡಿಗೆಗೆ ಹೋದದ್ದನ್ನು ನೋಡಿಕೊಂಡು, ಕತ್ತಲಾದ ಮೇಲೆ ಹಿತ್ತಲ ಬಾಗಿಲಿಂದ ಆಟೋ ಹತ್ತಿಸಿದ್ದರು.

“ಇಲ್ಲ,” ಎಂದ ಪೇಂಟರ್. “ಬಾಗಿಲು ಹಾಕ್ಕೊಂಡು ಕೂತಿದ್ವಿ. ಬಾಯಿಗೆ ಚಮಚ ತುರುಕಿದ್ವಿ.”

ದಾರಿಯುದ್ದಕ್ಕೂ ಅವಳು ತುದಿ ಮುರಿದ ಹಲ್ಲನ್ನು ನಾಲಗೆಯಿಂದ ಮುಟ್ಟಿ ನೋಡಿಕೊಳ್ಳುತ್ತಿದ್ದಳು. ಮನೆಗೆ ಬಂದವಳೇ ಚೀಲ ಎತ್ತಿಕೊಂಡಳು.

“ಕಲೆ ಹೋಯ್ತಲ್ಲ, ಇನ್ಯಾಕೆ ಹೋಗ್ತೀಯಾ?” ಎಂದ ಅವನು.

“ಇಷ್ಟು ದಿನ ನಿಮಗೆ ನನ್ನ ಮೇಲೆ ಅನುಮಾನ. ಈಗ ನಂಗೆ. ಮತ್ತೆ ಬಿದ್ರೆ ಇಲ್ಲಿ ಬಾಗಿಲು ಯಾರು ತೆಗೀತಾರೆ ರೀ?”

ಅವನು ಗೋಡೆಯ ಮೊಳೆಗೆ ನೇತುಹಾಕಿದ್ದ ಎರಡನೇ ಬೀಗದ ಕೈ ತೆಗೆದುಕೊಂಡು ರಸ್ತೆ ದಾಟಿದ. ರೇಡಿಯೋ ಟ್ಯಾಕ್ಸಿ ತೊಳೆಯುತ್ತಿದ್ದ.

“ಅಣ್ಣ, ಇದು ನಮ್ಮನೆ ಕೀ. ನನ್ನ ಹೆಂಡ್ತಿಗೆ ಫಿಟ್ಸ್ ಬರುತ್ತೆ. ನಾನು ಕೆಲಸಕ್ಕೆ ಹೋದಾಗ ಏನಾದ್ರೂ ಸದ್ದು ಕೇಳಿದ್ರೆ ಬಾಗಿಲು ತೆಗೆದು ಒಳಗೆ ಬನ್ನಿ. ಮಗ್ಗುಲಿಗೆ ಮಲಗಿಸಿ ಆಸ್ಪತ್ರೆಗೆ ಕರ್ಕೊಂಡು ಹೋಗಿ. ಅವತ್ತು ಪಾತ್ರೆ ಬಿದ್ದಿರ್ಲಿಲ್ಲ.”

ಕಿಟಕಿಯಿಂದ ತಾಯಿ ಬೇಡ ಬೇಡವೆಂದು ಕೈ ಆಡಿಸುತ್ತಿದ್ದಳು. ರೇಡಿಯೋ ಒದ್ದೆ ಕೈ ಒರೆಸಿಕೊಂಡು ಕೀ ತೆಗೆದುಕೊಂಡ. ಯಾವತ್ತೂ ಇಲ್ಲದ ಹಾಗೆ ದನಿ ತಗ್ಗಿಸಿ, “ಯಾರಿಗೂ ಹೇಳಲ್ಲ ಕಣಪ್ಪ” ಎಂದ.

“ಅಯ್ಯೋ, ಹೇಳಿ ಅಣ್ಣ! ಒಂದು ಮನೇನೂ ಬಿಡ್ಬೇಡಿ.”

ಹೊಸ್ತಿಲಲ್ಲಿ ನಿಂತಿದ್ದ ಹೆಂಡತಿ ಚೀಲವನ್ನು ಕೆಳಗಿಟ್ಟಳು. ಬೀದಿಗೆಲ್ಲ ಕೇಳಿಸುವಂತೆ ಕೂಗಿದಳು.

“ಬಾಯಿಗೆ ಚಮಚ ಗಿಮಚ ತುರುಕ್ಬಾರ್ದು ಅಂತಾನೂ ಹೇಳಿ!”