ಕೊಳವೆಗೆ ಊದುವ ಮುನ್ನ

ದಾಲ್ಚಿನ್ನಿಯ ವಾಸನೆ, ಚರ್ಚಿನ ನೆಲಮಾಳಿಗೆಯ ತೇವದ ಮೇಲೆ ತೆಳ್ಳಗೆ ಹಾಸಿದ ಹಾಗೆ, ಅದರ ಹಿಂದೆಯೇ ಸೀದ ಕಾಫಿಯ ಕಮಟು, ಮಿನೆಸೋಟಾದಲ್ಲಿ ದುಃಖಕ್ಕೂ ಶಿಕ್ಷೆಗೂ ಇದೇ ತಿಂಡಿ, ತಂಗಿ ಮಾರಿಟ್‌ಳನ್ನು ಮಣ್ಣು ಮಾಡಿ ಬಂದಾಗಲೂ ಇದೇ ಸುರುಳಿ ಬನ್ನು ಕೊಟ್ಟಿದ್ದರು, ವರ್ನಾ ಹಿಂದಿನ ಕುರ್ಚಿಯಲ್ಲಿ ಪೆನ್ನು ಹಿಡಿದು ಕೂತಿದ್ದಾಳೆ — ಕುಡಿದು ಕಾರು ಓಡಿಸಿದವರನ್ನು ಈ ತರಗತಿ ತಿದ್ದುತ್ತದೋ ಇಲ್ಲವೋ, ನೋಡಿ ಕೋರ್ಟಿಗೆ ಹೇಳುವುದು ಅವಳ ಕೆಲಸ — ಎದುರಿಗೆ ಆ ಕೆಂಪು ಕತ್ತು, ಲೈಲ್ ಹ್ಯಾನಿಂಗ್‌ನ ಕತ್ತು, ಮಾರಿಟ್‌ಳನ್ನು ಕೊಂದು ಜೈಲು ಮುಗಿಸಿ ಬಂದವನದು, ಇವನಿದ್ದಾನೆಂದು ಕಂಡ ದಿನವೇ ಈ ಕೆಲಸ ಬೇರೆಯವರಿಗೆ ಕೊಡಿ ಎನ್ನಬೇಕಿತ್ತು, ಎನ್ನಲಿಲ್ಲ, ಗಂಡನ ಮನೆಹೆಸರಿನ ಹಿಂದೆ ಅಡಗಿ ಕೂತಳು, ಬೀಳಲಿ, ಒಂದು ಸಲ ಜಾರಿ ಬೀಳಲಿ ಎಂದು ಕಾದಳು, ಬೀಳಲಿಲ್ಲ, ತಿದ್ದಿಕೊಂಡಿದ್ದಾನೆ, ಅದನ್ನೇ ತಡೆಯಲಾಗುವುದಿಲ್ಲ. ನಿಮ್ಮ ಕಾಫಿ ಕುಡಿದೇ ನಾನು ಕುಡಿಯೋದು ಬಿಟ್ಟಿದ್ದು ಆರ್ಡಿಸಮ್ಮ, ಇದಕ್ಕಿಂತ ಕೆಟ್ಟದ್ದು ಲೋಕದಲ್ಲೇ ಇಲ್ಲ, ಎನ್ನುತ್ತಾನೆ, ಬಾಯ್ಮುಚ್ಕೊಂಡು ಕುಡಿಯೋ ಕತ್ತೆ, ಎನ್ನುತ್ತಾಳೆ ಪಾಠ ಹೇಳುವ ಆರ್ಡಿಸ್, ಎಲ್ಲರೂ ನಗುತ್ತಾರೆ, ನಗುವ ಹಕ್ಕು ಯಾರು ಕೊಟ್ಟರು ಆ ಬಾಯಿಗೆ.

ಆ ಬಾಯಿ — ಡಿಕ್ಕಿ ಹೊಡೆದವನು ಅವನೇ, ಇಳಿದು ಬಂದು ಮಂಡಿಯೂರಿ ಮಾರಿಟ್‌ಳ ಬಾಯಿಗೆ ಬಾಯಿಟ್ಟು ಊದಿದವನೂ ಅವನೇ, ಕೆನ್ನೆ ಉಬ್ಬಿಸಿ ಉಬ್ಬಿಸಿ, ನೋಡಿದವರು ಕೋರ್ಟಿನಲ್ಲಿ ಹೇಳಿದರು, ವಕೀಲ ಅದನ್ನು ಕರುಣೆ ಎಂದ, ವಿಸ್ಕಿ ವಾಸನೆಗೆ ಮೂಗು ಮುಚ್ಚುತ್ತಿದ್ದ ಹುಡುಗಿ ಅವಳು, ಕೊನೆಗೆ ಅವಳೊಳಗೆ ಹೋದದ್ದು ಇವನ ವಿಸ್ಕಿ ಉಸಿರು, ಅದನ್ನೇ ಹೊತ್ತು ಮಣ್ಣಿಗಿಳಿದಳು, ಪ್ರಾರ್ಥನೆಗೆ ಕೂತರೆ ವರ್ನಾಳ ತುಟಿಗೆ ಬರುವುದು ಶತ್ರುವಿನ ನಾಶ ಬೇಡುವ ಕೀರ್ತನೆಗಳು ಮಾತ್ರ.

ತಿಂದೋರು ಬಾಯಿ ಮುಕ್ಕಳಿಸ್ಕೊಂಡು ಹೋಗ್ರಪ್ಪಾ, ಹುದುಗಿದ ಹಿಟ್ಟಿನ ಬನ್ನು ತಿಂದು ಹಾಗೇ ಊದಿದ್ರೆ ಕಾರಿನ ಮೆಷಿನ್ನು ಕುಡುಕ ಅಂತ ಬಡ್ಕೊಳತ್ತೆ, ಎಂದು ಆರ್ಡಿಸ್ ವಾರವಾರವೂ ಹೇಳುತ್ತಿದ್ದಳು, ಇವತ್ತು ಕೊನೆಯ ತರಗತಿ, ಅಪ್ಪುಗೆಯ ಗದ್ದಲದಲ್ಲಿ ಮರೆತು ಮೇಲೆ ಹೋದಳು, ಉಳಿದವರೂ ಹೋದರು, ಲೈಲ್ ಬನ್ನಿನ ತಟ್ಟೆಯ ಹತ್ತಿರ ನಿಂತಿದ್ದಾನೆ, ಕೋರ್ಟು ಹಾಕಿಸಿದ ಆ ಮೆಷಿನ್ನಿನ ಕೊಳವೆಗೆ ಊದಿ ಉಸಿರು ಶುದ್ಧವೆನಿಸದೆ ಅವನ ಕಾರು ಏಳುವುದಿಲ್ಲ, ಒಂದು ತಪ್ಪು ಉಸಿರು ಸಾಕು, ಮತ್ತೆ ಜೈಲು. ನನ್ ಬಗ್ಗೆ ಒಳ್ಳೇದು ಬರೀತೀರಲ್ವಾ ಮೇಡಂ? ಬರೀತೀನಿ, ಇನ್ನೊಂದು ತಗೊಳ್ಳಿ, ದಾರೀಲಿ ತಿನ್ನೋಕೆ. ಬೆರಳಿಗೆ ಬೆರಳು ತಾಗಿತು. ಅಗಿಯುತ್ತಲೇ ಮೆಟ್ಟಿಲು ಹತ್ತಿದ, ನೀರಿನ ಜಗ್ಗು ಅಲ್ಲೇ ತುಂಬಿ ನಿಂತಿದೆ, ಬನ್ನು ತಿಂದಿದ್ದ ಎಂದು ನಾಳೆ ಕೋರ್ಟಿಗೆ ಹೇಳಬಲ್ಲವಳು ತಾನೊಬ್ಬಳೇ, ಹೇಳುವುದಿಲ್ಲ, ಅವಳೂ ಹತ್ತಿ ಬಂದು ಬಾಗಿಲಲ್ಲಿ ನಿಂತಳು, ಅವನು ಕಾರಿನಲ್ಲಿ ಕೂತು ಕೊಳವೆ ಬಾಯಿಗಿಡುತ್ತಿದ್ದಾನೆ, ಕೂಗಿದರೆ ಕೇಳುವ ದೂರ, ಲೈಲ್, ಮೊದಲು ನೀರು — ನಾಲಿಗೆ ಹಲ್ಲಿನ ಹಿಂದೆಯೇ ಕೂತಿದೆ, ಕೂತಿರಲಿ, ಮೆಷಿನ್ನು ಚೀರಿತು, ಸಿಹಿಯಾಗಿತ್ತು ಆ ಚೀರು, ಅವನು ಬೆಚ್ಚಿ ಕೊಳವೆ ಒರೆಸಿ ಮತ್ತೆ ಊದುತ್ತಾನೆ, ಕಾರು ಏಳದು, ಮತ್ತೆ ಊದುತ್ತಾನೆ, ಕಣ್ಣಲ್ಲಿ ನೀರು ತುಂಬಿಕೊಂಡು, ರಸ್ತೆಯಲ್ಲಿ ಅವತ್ತು ಹೀಗೆಯೇ, ಏಳದವಳೊಳಗೆ ಹೀಗೆಯೇ ಬಿಡದೆ, ಉಬ್ಬಿ, ಇಳಿದು, ಗಾಜಿನಾಚೆ ಉಬ್ಬಿದ ಆ ಕೆನ್ನೆ, ಉಬ್ಬಿದ ಕೆನ್ನೆ