ಹುಲುಗಪ್ಪ ಹೊಲಿದ ಚೀಲ

"ನೀರು ಹಾಕಬ್ಯಾಡ್ರಿ! ಅಕ್ಕಾ, ಒಂದ ನಿಮಿಷ ತಡೀರಿ!"

ದುರ್ಗಕ್ಕ ಎತ್ತಿದ ಚೊಂಬು ಗಾಳಿಯಲ್ಲೇ ನಿಂತಿತು. ಹಿತ್ತಲಿನ ಕಲ್ಲುಚಪ್ಪಡಿಯ ಮೇಲೆ ತಂಗಿ ಎರ್ರೆಮ್ಮನನ್ನು ಮಲಗಿಸಿ, ಸುತ್ತಲೂ ಹಳೆಯ ಸೀರೆಗಳ ಮರೆ ಕಟ್ಟಿದ್ದರು. ಮರೆಯ ಅಂಚು ಸರಿಸಿ ಏದುಸಿರು ಬಿಡುತ್ತ ನಿಂತಿದ್ದವಳು ಪಲ್ಲವಿ. ಹೊಸಪೇಟೆಯ ಹುಡುಗಿ. ಅದಿರಿನ ಧೂಳು ಮನುಷ್ಯರ ಎದೆಯೊಳಗೆ ಏನು ಮಾಡುತ್ತದೆಂದು ಸಂಶೋಧನೆ ಮಾಡುತ್ತ, ಕೆಲಸದ ಹೆಂಗಸರ ಸೊಂಟಕ್ಕೆ ಧೂಳು ಅಳೆಯುವ ಮಷೀನು ಕಟ್ಟಿಸುತ್ತ, ಎರಡು ವರ್ಷಗಳಿಂದ ಸಂಡೂರಿನ ಗುಡ್ಡದ ಕೆಳಗಿನ ಈ ಊರಿಗೆ ಬಂದು ಹೋಗುತ್ತಿದ್ದಳು.

"ಯಾಕವ್ವಾ, ನಿನ್ನ ಮಷೀನು ಸೊಂಟದಾಗ ಕಟಗೊಂಡ ಹೋಗ್ಯಾಳೇನು ನೋಡಾಕ ಬಂದಿ?" ಎಂದಳು ತಾಯಕ್ಕ. ಎರ್ರೆಮ್ಮನ ಜೊತೆ ಅದಿರಿನ ಯಾರ್ಡಿನಲ್ಲಿ ಕಸ ಹೊಡೆಯುತ್ತಿದ್ದ ಹೆಂಗಸು. ಮಾತು ಮುಗಿಯುವ ಮೊದಲೇ ಅವಳಿಗೆ ಕೆಮ್ಮು ಬಂತು.

ಪಲ್ಲವಿ ತಾಯಕ್ಕನ ಕಡೆ ನೋಡಲಿಲ್ಲ. "ನಸುಕಿನ್ಯಾಗ ಸುದ್ದಿ ಗೊತ್ತಾತು ಅಕ್ಕಾ. ಡಾಕ್ಟರು ಗಾಡಿಯಾಗ ಅದಾರ. ಎದೀಗೆ ಒಂದು ಸೂಜಿ ಹಾಕಿ ಶ್ವಾಸಕೋಶದ ಒಂದು ಚೂರು ತಗೀತಾರ. ಅಕ್ಕೀಕಾಳಿನಷ್ಟು. ಇಪ್ಪತ್ತು ನಿಮಿಷ ಸಾಕು. ಮಣ್ಣಿಗೆ ತಡ ಆಗಂಗಿಲ್ಲ."

"ಸತ್ತ ಮ್ಯಾಲೂ ಸೂಜಿನಾ?" ದುರ್ಗಕ್ಕ ಚೊಂಬನ್ನು ಹಂಡೆಯೊಳಗೆ ಬಿಟ್ಟಳು. "ಬದುಕಿದ್ದಾಗ ಚುಚ್ಚಿದ್ದು ಸಾಲಲಿಲ್ಲೇನು? ಮುತ್ತೈದಿ ಹೆಣ ಇದು. ಅರಿಶಿಣ ಹಚ್ಚಿ, ಹಸಿರು ಬಳಿ ಇಟ್ಟು ಕಳಿಸಾಕ ಕಂಪ್ಲಿಯಿಂದ ಬಂದೀನಿ ನಾನು. ನಮ್ಮಾಗ ಮುತ್ತೈದಿಗೆ ಕಬ್ಬಿಣ ಮುಟ್ಟಸಂಗಿಲ್ಲ. ನೀರು ಬಿದ್ದ ಮ್ಯಾಲಂತೂ ಮುಗೀತು."

"ಅದಕ್ಕ ಓಡಿ ಬಂದೆ. ಎರ್ರೆಮ್ಮಕ್ಕ ತಾನ ಒಪ್ಪಿ ಸಹಿ ಮಾಡ್ಯಾಳ." ಪಲ್ಲವಿ ಹೆಗಲ ಚೀಲದಿಂದ ಒಂದು ಹಾಳೆ ತೆಗೆದಳು. "ಈಗ ಅಕಿ ಗಂಡ ಹುಲುಗಪ್ಪಣ್ಣಂದೂ ಸಹಿ ಬೇಕು. ಕಾನೂನು ಹಂಗೈತಿ."

ದುರ್ಗಕ್ಕ ತಂಗಿಯ ಮುಖ ನೋಡಿದಳು. ಸೂಜಿ ಕಂಡರೆ ಕಣ್ಣು ಮುಚ್ಚಿಕೊಳ್ಳುತ್ತಿದ್ದವಳು ಸಹಿ ಮಾಡಿದ್ದಾಳೆ ಎಂಬ ಮಾತನ್ನು ಅವಳು ನಂಬಲಿಲ್ಲ.

"ಅವನ ಕೇಳು ಹೋಗು. ಬ್ಯಾಡ ಅಂತಾನ. ಈ ಹಂಡೇದ ನೀರು ಆರೂತನ ನಿನಗ ಟೈಮು. ಅಷ್ಟ."

ಮನೆಯ ಮುಂದೆ ಗಂಡಸರು ಕೂತಿದ್ದರು. ಹುಲುಗಪ್ಪ ತನ್ನ ಹೊಲಿಗೆ ಮಷೀನಿನ ಸ್ಟೂಲಿನ ಮೇಲೆಯೇ ಕೂತಿದ್ದ. ಬೇರೆಲ್ಲಿ ಕೂರಬೇಕೆಂದು ಅವನಿಗೆ ತೋಚಿರಲಿಲ್ಲ. ಅದಿರು ಲಾರಿಗಳಿಗೆ ಹೊದಿಸುವ ತಾಡಪತ್ರಿ ಹೊಲಿಯುವುದು ಅವನ ಮೂವತ್ತು ವರ್ಷದ ಕಸುಬು. ಪಕ್ಕದಲ್ಲಿ ಡ್ರೈವರ್ ಉಚ್ಚೆಂಗಪ್ಪ ಬೀಡಿ ಹಚ್ಚದೆ ಬೆರಳಲ್ಲಿ ತಿರುಗಿಸುತ್ತಿದ್ದ.

"ನನ್ನ ಲಾರೀನ ನಾಕು ಸಲ ನಿಲ್ಲಿಸ್ಯಾಳ್ರಿ ಅಕಿ," ಎಂದ ಉಚ್ಚೆಂಗಪ್ಪ. "ನಟ್ಟನಡು ರೋಡಿನಾಗ ಕಸಬಾರಿಗಿ ಹಿಡಕಂಡು ನಿಂತುಬಿಡಾಕಿ. 'ಮ್ಯಾಲ ಹೊದಿಸಿ ಹೊಂಡಲೇ ಮೂಳಾ, ನಿನ್ನ ಧೂಳು ಉಣ್ಣಾಕ ನಾವ್ಯಾಕ ಹುಟ್ಟೀವಿ' ಅಂತ. ಆರ್‌ಟಿಓಗೂ ಅಂಜಿಲ್ಲ ನಾನು. ಅಕಿ ಕಸಬಾರಿಗಿಗೆ ಅಂಜಿದೆ."

"ಸಣ್ಣಪ್ಪಗ ಗಿರಾಕಿ ಹಿಡಕೊಡಾಕ ನಿಲ್ಲಿಸ್ತಿದ್ಲು ಬಿಡು," ಎಂದ ದುರ್ಗಕ್ಕನ ಮಗ ಯಲ್ಲೇಶ್, ಚಿಕ್ಕಪ್ಪ ಹುಲುಗಪ್ಪನ ಕಡೆ ನೋಡಿ. ಕುಣಿ ತೋಡಿ ಬಂದಿದ್ದ ಅವನ ಪಾದಗಳಿಗೆ ಮಣ್ಣು ಮೆತ್ತಿತ್ತು. ಇಬ್ಬರು ನಕ್ಕರು. ಹುಲುಗಪ್ಪನೂ ನಗಲು ಹೋದ. ಮುಖ ಬೇರೆಯೇ ಏನೋ ಮಾಡಿತು.

ಪಲ್ಲವಿ ಅವನೆದುರು ನೆಲದ ಮೇಲೆ ಕೂತು ಹಾಳೆ ಮುಂದಿಟ್ಟಳು. ಮತ್ತೊಮ್ಮೆ ಎಲ್ಲ ಹೇಳಿದಳು. ಸೂಜಿ, ಅಕ್ಕಿಕಾಳಿನಷ್ಟು ಚೂರು, ಇಪ್ಪತ್ತು ನಿಮಿಷ.

"ಆರು ಮಂದಿ ಹೆಂಗಸರ ಮಷೀನುಗಳೂ ಧೂಳು ಕಡಿಮಿ ಅಂತ ಹೇಳಿದ್ವು ಅಣ್ಣಾ. ನಾನ ವರದಿ ಬರದೆ. ಪರಿಹಾರದ ಆಫೀಸಿನವರು ಅದ ವರದಿ ಹಿಡಕಂಡು ಆರೂ ಅರ್ಜಿ ತಳ್ಳಿ ಹಾಕಿದ್ರು. ಒಲಿ ಹೊಗಿ ಕಾರಣ ಅಂದ್ರು, ಹಳೇ ಟಿಬಿ ಅಂದ್ರು. ಆದ್ರ ಅಕ್ಕನ ಎಕ್ಸ್-ರೇ ನೋಡಿದ್ರ ಬ್ಯಾರೇನ ಐತಿ. ಯಾವುದು ಸುಳ್ಳು ಅಂತ ನನಗ ತಿಳೀವಲ್ದು. ಆ ಚೂರಿನಾಗ ಏನೈತಿ ಅಂತ ನೋಡಿದ್ರ ತಿಳೀತೈತಿ."

ಹುಲುಗಪ್ಪ ಕೇಳುತ್ತಿರಲಿಲ್ಲ. ಹಾಳೆಯ ಕೆಳಗೆ ಹೆಂಡತಿಯ ಸಹಿ ಇತ್ತು. ಬಲಕ್ಕೆ ವಾಲಿದ ದೊಡ್ಡ ಅಕ್ಷರಗಳು, ಕೊನೆಯಲ್ಲಿ ಒತ್ತಿ ಇಟ್ಟ ಚುಕ್ಕಿ.

"ಯಾವಾಗ ಮಾಡಿದ್ಲು?"

"ಮೂರು ವಾರದ ಹಿಂದ. ವಾರ್ಡಿನಾಗ. ನೀವು ಚಾ ತರಾಕ ಹೋಗಿದ್ರಿ."

"ಏನಂದ್ಲು?"

"ಮಷೀನು ಕೈಯಾಗ ಕೊಡು ಅಂದ್ಲು. ಈ ಜಾಲರಿ ಯಾಕೈತಿ ಅಂತ ಕೇಳಿದ್ಲು. ಇಲ್ಲಿಂದ ಗಾಳಿ ಒಳಗ ಹೋಗತೈತಿ, ಒಳಗ ಧೂಳು ಎಣಿಸತೈತಿ ಅಂದೆ. ಜಾಲರಿ ಮ್ಯಾಲ ಬೆರಳಿಟ್ಟು ಮುಚ್ಚಿ ನೋಡಿದ್ಲು. ಆಮ್ಯಾಲ, 'ಮಷೀನು ತಪ್ಪು ಹೇಳಿದ್ರ ಖರೇದು ಹೆಂಗ ಗೊತ್ತಾಗತೈತಿ' ಅಂದ್ಲು. ಆವಾಗ ನಾನು ಸೂಜಿ ವಿಷಯ ಹೇಳಿದೆ. ಪೆನ್ನು ಕೊಡು ಅಂದ್ಲು."

"ಯಾಕ ಕೇಳ್ತೀನಿ ಅಂತ ಹೇಳಿದ್ಲೇನು?"

"ಇಲ್ಲಣ್ಣಾ."

ಹುಲುಗಪ್ಪ ಹಾಳೆಯನ್ನು ತೊಡೆಯ ಮೇಲಿಟ್ಟುಕೊಂಡ. ಅವಳು ಹೇಳಿರಲಿಲ್ಲ. ಅವನಿಗೂ ಹೇಳಿರಲಿಲ್ಲ.

*

ಎರಡು ವರ್ಷದ ಹಿಂದೆ ಎರ್ರೆಮ್ಮ ಆ ಡಬ್ಬಿಯನ್ನು ಸೆರಗಿನಲ್ಲಿ ಸುತ್ತಿಕೊಂಡು ಮನೆಗೆ ತಂದಿದ್ದಳು. ಅಂಗೈಯಷ್ಟು ಬಿಳಿ ಡಬ್ಬಿ, ಒಂದು ಬದಿಗೆ ಸಣ್ಣ ಜಾಲರಿ, ಮೂಲೆಯಲ್ಲಿ ನೀಲಿ ದೀಪ. ಮೂರು ತಿಂಗಳಿಗೊಮ್ಮೆ ನಾಲ್ಕು ದಿನ ಅದನ್ನು ಸೊಂಟಕ್ಕೆ ಕಟ್ಟಿಕೊಂಡು ಕೆಲಸ ಮಾಡಬೇಕು. ಡಬ್ಬಿ ನಾಲ್ಕು ದಿನವೂ ಎಚ್ಚರವಾಗಿರುತ್ತದೆ ಎಂದಷ್ಟೇ ಆರು ಹೆಂಗಸರಿಗೆ ತಿಳಿದಿತ್ತು.

"ತಾಯಕ್ಕ ಇವತ್ತು ಸೂಪರ್‌ವೈಜರಗ ಅವ್ವ-ಅಕ್ಕ ಅಂತ ಬೈದು, ಆಮ್ಯಾಲ ಇದನ್ನ ನೋಡಿ ಬಾಯಿ ಮುಚಗೊಂಡ್ಲು," ಎಂದು ಎರ್ರೆಮ್ಮ ನಕ್ಕಿದ್ದಳು. "ಈ ಜಾಲರಿ ಐತಲ್ಲ, ಇದು ಕಿವಿ ಅಂತ. ನಮ್ಮ ಮಾತೆಲ್ಲಾ ಕೇಳಿ ಆಫೀಸಿಗೆ ಹೇಳತೈತಂತ."

"ಹೇಳಲಿ ಬಿಡು. ನಿನ್ನ ಬೈಗುಳ ಕೇಳಿ ಅದ ಕೆಟ್ಟು ಹೋಗತೈತಿ."

"ಕೆಡಬಾರದಲೇ. ಪಾಪ, ಸಣ್ಣ ಹುಡುಗಿ. ನಾಜೂಕು ಸಾಮಾನು ಕೈಯಾಗ ಕೊಟ್ಟು ಹೋಗೈತಿ. ಯಾರ್ಡಿನಾಗ ಮಣ್ಣು ಹೆಂಗಿರತೈತಿ ನಿನಗ ಗೊತ್ತಲ್ಲ. ಇದಕ್ಕೊಂದು ಅಂಗಿ ಹೊಲಿ."

ಅವನು ತುಂಡು ಬಟ್ಟೆ ಹುಡುಕಲಿಲ್ಲ. ಹೊಸ ಹಸಿರು ತಾಡಪತ್ರಿಯ ಸುರುಳಿಯನ್ನೇ ಬಿಚ್ಚಿ ಕತ್ತರಿಸಿದ. ಅಂಚಿಗೆ ಎರಡೆರಡು ಹೊಲಿಗೆ, ಬಾಯಿಗೆ ಮಡಚುವ ಮುಚ್ಚಳ, ಸೊಂಟಕ್ಕೆ ಸಿಕ್ಕಿಸಲು ಪಟ್ಟಿ. ಚೀಲ ಮುಗಿಸಿ, ಒಳಗೆ ಒಂದು ಒಣ ಕಾಗದ ಇಟ್ಟು, ಮೇಲೆ ಒಂದು ಚೊಂಬು ನೀರು ಸುರಿದ. ಕಾಗದಕ್ಕೆ ಪಸೆ ತಾಗಿರಲಿಲ್ಲ. ಎರ್ರೆಮ್ಮ ಕಾಗದವನ್ನು ಕೆನ್ನೆಗೆ ಒತ್ತಿ ನೋಡಿ, ಅವನ ಬೆನ್ನಿಗೆ ಒಂದು ಗುದ್ದು ಕೊಟ್ಟಳು. ಅವಳು ಮೆಚ್ಚುತ್ತಿದ್ದದ್ದೇ ಹಾಗೆ.

ಮರುದಿನ ಉಳಿದ ಐವರೂ ಬಂದರು. ಅವರಿಗೂ ಹೊಲಿದ. ಪಲ್ಲವಿ ಬರುವ ದಿನ ಮಾತ್ರ ಚೀಲ ಬಿಚ್ಚಿ, ಡಬ್ಬಿಯನ್ನು ಮೆತ್ತನೆ ಬಟ್ಟೆಯಿಂದ ಒರೆಸಿ, ಬೀಗರ ಮುಂದೆ ಕೂಸನ್ನು ತರುವ ಹಾಗೆ ಎರಡೂ ಕೈಯಲ್ಲಿ ಹಿಡಿದು ಕೊಡುತ್ತಿದ್ದರು.

"ಎಷ್ಟು ಚಂದ ಇಟಗೊಂಡೀರಿ!" ಎನ್ನುತ್ತಿದ್ದಳು ಪಲ್ಲವಿ.

*

"ಮಾವಾ, ಬಿಸಿಲೇರಿತು," ಎಂದ ಉಚ್ಚೆಂಗಪ್ಪ. "ಹೂಂ ಅನ್ನು, ಇಲ್ಲಾ ಊಹೂಂ ಅನ್ನು."

"ಬ್ಯಾಡ ಅನ್ನು ಸಣ್ಣಪ್ಪ," ಎಂದ ಯಲ್ಲೇಶ್. "ನಮ್ಮವ್ವನ ಎದುರು ಹಾಕಿಕೊಂಡ್ರ ವರ್ಷಗಟ್ಟಲೆ ಕೇಳಬೇಕು."

ತಾಯಕ್ಕ ಹಿತ್ತಲಿನಿಂದ ಬಂದು ಬಾಗಿಲ ಕಂಬಕ್ಕೆ ಒರಗಿದಳು. ಹತ್ತು ಹೆಜ್ಜೆ ನಡೆದದ್ದಕ್ಕೇ ಅವಳ ಎದೆ ಸಿಳ್ಳೆ ಹಾಕುತ್ತಿತ್ತು. ಹುಲುಗಪ್ಪ ಆ ಸದ್ದು ಕೇಳಿದ. ಐದು ತಿಂಗಳಿಂದ ಅದೇ ಸದ್ದಿನ ಪಕ್ಕದಲ್ಲಿ ಮಲಗಿದ್ದವನು. ಇವತ್ತು ನಸುಕಿಗೂ ಮೊದಲೇ ಅದು ನಿಂತಾಗ ಎಚ್ಚರಾಗಿದ್ದವನು.

ಸಹಿ ಹಾಕಿ ಸುಮ್ಮನಿರಬಹುದಿತ್ತು. ಎರ್ರೆಮ್ಮನ ಚೂರು ತನ್ನಷ್ಟಕ್ಕೆ ಏನೋ ಹೇಳುತ್ತಿತ್ತು. ಆದರೆ ತಾಯಕ್ಕನ ಮಷೀನಿನ ಲೆಕ್ಕ ಹಾಗೇ ಉಳಿಯುತ್ತಿತ್ತು.

*

ಮೂರು ತಿಂಗಳ ಹಿಂದೆ ಸಂಡೂರಿನ ಆಫೀಸಿನಲ್ಲಿ ಅರ್ಜಿಯ ವಿಚಾರಣೆಗೆ ಅವನೊಬ್ಬನೇ ಒಳಗೆ ಹೋಗಿದ್ದ. ಎರ್ರೆಮ್ಮನಿಗೆ ಮೆಟ್ಟಿಲು ಹತ್ತಲಾಗಿರಲಿಲ್ಲ. ಅಧಿಕಾರಿ ವರದಿಯ ಹಾಳೆ ತಿರುವಿ, ಡಬ್ಬಿಯ ಚಿತ್ರ ತೋರಿಸಿದ. ಜಾಲರಿಯ ಕಡೆಗೆ ಒಂದು ಬಾಣದ ಗುರುತು ಇತ್ತು. "ಗಾಳಿ ಇಲ್ಲಿಂದ ಒಳಗೆ ಹೋಗುತ್ತೆ. ಬಂದ ಗಾಳಿಯಲ್ಲಿ ಧೂಳೇ ಇಲ್ಲ ಅಂತ ಮಷೀನೇ ಹೇಳ್ತಿದೆ. ನಾವೇನು ಮಾಡೋಣ?"

ಹುಲುಗಪ್ಪನಿಗೆ ತಕ್ಷಣ ಅರ್ಥವಾಯಿತು. ತಾಡಪತ್ರಿಯ ಗುಣ ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಹೇಳಲು ಬಾಯಿ ತೆರೆದ. ಹಿಂದೆ ಸಾಲಿನಲ್ಲಿದ್ದವರು ತಳ್ಳಿದರು. ಹೊರಗೆ ಬಂದ.

ಊರಿಗೆ ಬರುವ ಬಸ್ಸಿನಲ್ಲಿ ಅವಳು ಕಿಟಕಿಗೆ ತಲೆ ಆನಿಸಿ ಕೇಳಿದ್ದಳು, "ಏನಂದ್ರು?"

"ಮುಂದಿನ ತಿಂಗಳ ಬರ್ರಿ ಅಂದ್ರು."

ಆಮೇಲೆ ಹೊಸಪೇಟೆಯ ಆಸ್ಪತ್ರೆ. ಒಂದು ಸಂಜೆ ಅವನು ಚಹಾ ತಂದಾಗ ಎರ್ರೆಮ್ಮ ಅವನ ಬೆರಳುಗಳನ್ನು ಹಿಡಿದುಕೊಂಡಿದ್ದಳು. ಸೂಜಿ ಚುಚ್ಚಿ ಚುಚ್ಚಿ ದಡ್ಡುಗಟ್ಟಿದ ತುದಿಗಳನ್ನು ಒಂದೊಂದಾಗಿ ಸವರಿದ್ದಳು.

"ನಿನ್ನ ಹೊಲಿಗಿ ಭಾಳ ಗಟ್ಟಿ ನೋಡು," ಎಂದಿದ್ದಳು. "ಒಂದು ಹನಿ ಒಳಗ ಬಿಡಂಗಿಲ್ಲ."

"ಈಗ್ಯಾಕ ಆ ಮಾತು?"

"ಸುಮ್ಮನ ಅಂದೆ. ಚಾ ಆರತೈತಿ, ಕುಡಿ."

ಹೊಗಳಿದಳೆಂದು ಅವನು ಅಂದುಕೊಂಡಿದ್ದ. ಮುಂದೆ ಮೂರು ವಾರ, ಆಸ್ಪತ್ರೆಯಲ್ಲೂ ಮನೆಗೆ ಬಂದ ಮೇಲೂ, ಇಬ್ಬರೂ ಒಂದೇ ಮಾತನ್ನು ಒಬ್ಬರಿಗೊಬ್ಬರು ಕಾಣದಂತೆ ಬಚ್ಚಿಟ್ಟುಕೊಂಡು, ಮಳೆ, ಅಕ್ಕಿ, ದುರ್ಗಕ್ಕನ ಮಂಡಿನೋವು ಎಂದು ಬೇರೆಲ್ಲ ಮಾತಾಡಿದರು. ಆ ಒಂದು ಸಂಜೆ ಮತ್ತೆ ಸಿಕ್ಕರೆ! ಲೋಟ ಕೆಳಗಿಟ್ಟು, ಹೌದು, ನನಗೂ ಗೊತ್ತಾತು ಎಂದಿದ್ದರೆ ಸಾಕಿತ್ತು. ಅವಳು ಮೂಳಾ ಎಂದು ಬೈಯುತ್ತಿದ್ದಳು. ಇಬ್ಬರೂ ಒಟ್ಟಿಗೆ ಕೂತು ಅಳಬಹುದಿತ್ತು.

*

"ಪಲ್ಲವಮ್ಮಾ," ಎಂದ ಹುಲುಗಪ್ಪ. "ನಿನ್ನ ಮಷೀನು ಸುಳ್ಳು ಹೇಳಿಲ್ಲ. ನಾನು ಅದರ ಬಾಯಿ ಮುಚ್ಚಿದ್ದೆ."

ಎಲ್ಲರೂ ಅವನತ್ತ ತಿರುಗಿದರು. ಅವನು ಚೀಲದ ಕತೆ ಹೇಳಿದ. ಹೊಸ ತಾಡಪತ್ರಿ, ಎರಡೆರಡು ಹೊಲಿಗೆ, ಮುಚ್ಚಳ. ಆರು ಚೀಲ. ಸಂಡೂರಿನ ಆಫೀಸಿನಲ್ಲಿ ತನಗೆ ತಿಳಿದದ್ದು, ತಿಳಿದೂ ಸುಮ್ಮನಿದ್ದದ್ದು. ಹೇಳುತ್ತ ಹೇಳುತ್ತ ಅವನ ಕೈಗಳು ಗಾಳಿಯಲ್ಲಿ ಬಟ್ಟೆ ಮಡಚುತ್ತಿದ್ದವು.

ಪಲ್ಲವಿಯ ಮುಖ ಬಿಳಿಚಿಕೊಂಡಿತು. ಎರಡು ವರ್ಷದ ಅಂಕಿಗಳು. ಅವಳು ಹಣೆಗೆ ಕೈ ಹಚ್ಚಿ ಕೂತಳು. "ಒಂದು ಸಲನೂ ನಾನು ಯಾರ್ಡಿಗೆ ಹೇಳದ ಕೇಳದ ಬರಲಿಲ್ಲ," ಎಂದಳು ಕೊನೆಗೆ, ತನಗೇ ಎಂಬಂತೆ.

"ಅಂದ್ರ," ತಾಯಕ್ಕ ಕಂಬ ಬಿಟ್ಟು ಮುಂದೆ ಬಂದಳು, "ನನ್ನ ಅರ್ಜಿನೂ?"

"ನಿಂದೂ ತಾಯಕ್ಕ," ಎಂದ ಹುಲುಗಪ್ಪ. "ಆರೂ ಮಂದೀದೂ."

ತಾಯಕ್ಕ ಅವನ ಸ್ಟೂಲಿನ ಎದುರಿಗೇ ಬಂದು ನಿಂತಳು. ಅವನು ತಲೆ ತಗ್ಗಿಸಲಿಲ್ಲ. ಹೊಡೆದರೆ ಹೊಡೆಸಿಕೊಳ್ಳುವ ಹಾಗೆ ಕೂತಿದ್ದ.

"ಹುಲುಗ್ಯಾ," ಎಂದಳು ಆಕೆ, "ಹೊಲಿದಾಂವ ನೀನು. ಕಟಗೊಂಡಾಕಿ ನಾನು. ಅದು ಕಿವಿ ಅಂತ ಮೊದಲು ಅಂದಾಕೀನೂ ನಾನ." ಕೆಮ್ಮು ನಿಲ್ಲುವವರೆಗೆ ಕಾದಳು. "ಮೂರು ತಿಂಗಳು ಬಾಯಿ ಮುಚಗೊಂಡು ಕುಂತಿ ನೋಡು, ಅದು ಮಾತ್ರ ನಿನ್ನದ ತಪ್ಪು. ಈಗ ಬರಕೊಡ್ತಿ ಇಲ್ಲ?"

"ಬರಕೊಡ್ತೀನಿ. ಎಲ್ಲಿ ಬೇಕಾದ್ರ ಬಂದು ಹೇಳ್ತೀನಿ."

"ಹೊಸದಾಗಿ ಅಳೀಬೇಕು," ಎಂದಳು ಪಲ್ಲವಿ ಮೆಲ್ಲಗೆ. "ನೀವು ಹೇಳಿದ್ದನ್ನೂ ಬರೀತೀನಿ, ನನ್ನ ತಪ್ಪೂ ಬರೀತೀನಿ. ಆದ್ರ ಅಕ್ಕಂದು ಇನ್ನೊಮ್ಮೆ ಅಳಿಯಾಕ ಆಗಂಗಿಲ್ಲ. ಈ ಚೂರು ಬಿಟ್ರ ಬ್ಯಾರೆ ಇಲ್ಲ."

ಹುಲುಗಪ್ಪ ಹೆಂಡತಿಯ ಹೆಸರಿನ ಕೆಳಗೆ ತನ್ನ ಹೆಸರು ಬರೆದ. ಎದ್ದು ಹಿತ್ತಲಿಗೆ ನಡೆದ.

ದುರ್ಗಕ್ಕ ಮರೆಯೊಳಗೆ ತಂಗಿಯ ಹೆರಳು ಬಿಚ್ಚುತ್ತಿದ್ದಳು. ಅವಳಿಗೆ ಎಲ್ಲ ಕೇಳಿಸಿತ್ತು.

"ಅಕ್ಕಾ, ಅಕಿ ಒಪ್ಪಿ ಹೋಗ್ಯಾಳ. ನನಗ ಹೇಳಲಿಲ್ಲ, ಅಷ್ಟ. ನನಗ ನೋವಾದೀತು ಅಂತ."

ದುರ್ಗಕ್ಕ ತಲೆಯೆತ್ತಲಿಲ್ಲ. ಸಿಕ್ಕು ಬಿಡಿಸುತ್ತಲೇ ಇದ್ದಳು.

"ನೀರು ಆರಿ ಭಾಳೊತ್ತಾತು," ಎಂದಳು. "ಕರಿ ಅವರನ್ನ. ಜಲ್ದಿ ಮುಗಸಂತ ಹೇಳು."

ಡಾಕ್ಟರು ನಡುವಯಸ್ಸಿನ ಹೆಂಗಸು. ಬಂದವಳೇ ಚಪ್ಪಲಿ ಹೊರಗೆ ಬಿಟ್ಟು, ಎರ್ರೆಮ್ಮನಿಗೆ ಕೈಮುಗಿದು, ಮೊಣಕಾಲೂರಿ ಕೂತಳು. ಗಂಡ ಹೊರಗಿರಲಿ ಎಂದು ಪಲ್ಲವಿ ಸನ್ನೆ ಮಾಡಿದಳು. ಹುಲುಗಪ್ಪ ಹೋಗಲಿಲ್ಲ. ಹೆಂಡತಿಯ ತಲೆಯ ಹತ್ತಿರ ಕೂತು, ಅವಳ ಕಣ್ಣು ಮುಚ್ಚಿದ್ದರೂ ಅವುಗಳ ಮೇಲೆ ಅಂಗೈ ಇಟ್ಟ. ಪಕ್ಕೆಲುಬುಗಳ ನಡುವೆ ಸೂಜಿ ಇಳಿಯಿತು. ಸಣ್ಣದೊಂದು ಸದ್ದು, ದಾರ ಕಚ್ಚಿ ಹರಿದ ಹಾಗೆ. ಮೂರು ಸಲ. ಸೀಸೆಯೊಳಗೆ ಬಿದ್ದ ಚೂರು ಕಂದು ಬಣ್ಣದ್ದಿತ್ತು. ಡಾಕ್ಟರು ಅದನ್ನು ಬೆಳಕಿಗೆ ಹಿಡಿದಳು, ಪಲ್ಲವಿಯ ಕಡೆ ನೋಡಿದಳು, ಸೀಸೆಯ ಮುಚ್ಚಳ ತಿರುಗಿಸಿದಳು. ಇಬ್ಬರೂ ಎದ್ದು ಹೊರಗೆ ಹೋದರು.

ಎರ್ರೆಮ್ಮನ ಬಲಗಡೆ ಪಕ್ಕೆಯ ಮೇಲೆ ಸಾಸಿವೆಯಷ್ಟು ಗುರುತು ಉಳಿಯಿತು. ರಕ್ತ ಬರಲಿಲ್ಲ.

ದುರ್ಗಕ್ಕ ಆ ಗುರುತನ್ನು ನೋಡಿದಳು. ಬಟ್ಟಲಿನ ಅರಿಶಿಣವನ್ನು ಬೆರಳ ತುದಿಗೆ ತೆಗೆದುಕೊಂಡು ಅದರ ಮೇಲೆ ಇಟ್ಟಳು. ಬಿದ್ದು ಮಂಡಿ ತರಚಿಕೊಂಡು ಬಂದ ಕೂಸಿಗೆ ಹಚ್ಚುವ ಹಾಗೆ, ನೋಯದಂತೆ ಸುತ್ತಲೂ ಸವರಿದಳು. ಆಮೇಲೆ ಬಾಗಿ, ತುಟಿ ಮುಂದೆ ಮಾಡಿ, ತುಂಬು ಉಸಿರಿನಿಂದ ಉಫ್ ಎಂದು ಊದಿದಳು.

ಎರ್ರೆಮ್ಮನ ಎದೆಯ ಮೇಲೆ ಬಿದ್ದಿದ್ದ ಕೂದಲಿನ ಎಳೆಯೊಂದು, ಎದೆ ಉಸಿರಾಡಿದ ಹಾಗೆ, ಎದ್ದಿತು, ನಡುಗಿತು, ಮತ್ತೆ ಮಲಗಿತು.

ಹುಲುಗಪ್ಪ ಕೈ ತೆಗೆದು ಮುಂದಕ್ಕೆ ಬಾಗಿದ.

"ಅಕ್ಕಾ," ಎಂದ, "ಇನ್ನೊಂದ ಸಲ ಊದು."